ಏಳನೆಯ ಕಂತಿನ ಕಾಜಾರ್

ಭಯದಿಂದ ಹೇಳಿದ ಸುಳ್ಳು ಒಂದೆರಡು ದಿನದಲ್ಲಿ ತಾನಾಗಿ ಸಾಯುತ್ತದೆ. ನಾಚಿಕೆಯಿಂದ ಹೇಳಿದ್ದನ್ನು ಮಾತ್ರ ದಿನಾ ಸಾಕಬೇಕು. ನಾನು ಸಾಕಿದ್ದು ಈ ಎರಡನೆಯ ಜಾತಿಯದು.

ನಮ್ಮತ್ತೆ ವಿಸಿಟ್ ವೀಸಾದಲ್ಲಿ ಉಡುಪಿಯಿಂದ ದುಬೈಗೆ, ಅಲ್ ಕುಸೈಸಿನ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಹೆಂಡತಿ ಲವೀನಾ ನರ್ಸ್, ಶನಿವಾರವೂ ಡ್ಯೂಟಿ. ನನಗೆ ರಜೆ. ಹೊರಗೆ ಕಾಲಿಡಲಾಗದ ಬಿಸಿಲು. ಊಟವಾದ ಮೇಲೆ ಅತ್ತೆ, ಅಳಿಯ ಇಬ್ಬರೇ ಟಿವಿ ಮುಂದೆ. ನಾನು ನೋಡುತ್ತಿದ್ದದ್ದು ಒಂದು ಸ್ಪ್ಯಾನಿಷ್ ಥ್ರಿಲ್ಲರ್ ಸರಣಿ, ಕೆಳಗೆ ಇಂಗ್ಲಿಷ್ ಅಕ್ಷರ. ಅತ್ತೆಗೆ ಎರಡೂ ಬಾರದು. "ನೀನು ಓದಿ ಓದಿ ಹೇಳು ಪುತಾ, ನಾನು ಕೇಳ್ತೇನೆ" ಎಂದರು.

ಕಥೆಯಲ್ಲಿ ಅಪಘಾತವಾಗಿ ನೆನಪು ಕಳೆದುಕೊಂಡ ಒಬ್ಬ ಹೆಂಗಸು. ಅವಳನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಒಬ್ಬ ಗಂಡಸು. "ಇವ ಇವಳಿಗೆ ಏನಾಗಬೇಕು?" ಎಂದು ಅತ್ತೆ ಕೇಳಿದರು. ಮದುವೆಯಿಲ್ಲದೆ ಒಟ್ಟಿಗಿದ್ದಾರೆ ಎಂದು, ಕೈಯಲ್ಲಿ ಜಪಸರ ಹಿಡಿದು ಕೂತವರಿಗೆ ಹೇಳುವುದು ಹೇಗೆ? "ಅಣ್ಣ" ಎಂದುಬಿಟ್ಟೆ. ಅಲ್ಲಿಂದ ನನ್ನ ಕಷ್ಟ ಶುರು. ಅವರಿಬ್ಬರು ಹತ್ತಿರ ಬಂದಾಗಲೆಲ್ಲ ರಿಮೋಟ್ ನನ್ನ ಕೈಜಾರಿ ದೃಶ್ಯ ಮುಂದಕ್ಕೆ ಓಡುತ್ತಿತ್ತು. ಅತ್ತೆಯಂತೂ ಆ ಅಣ್ಣನ ಗುಣಕ್ಕೆ ಮರುಳಾಗಿ ಸಂಜೆಯ ಪ್ರಾರ್ಥನೆಯಲ್ಲಿ ಅವನ ಹೆಸರನ್ನೂ ಸೇರಿಸಿಕೊಂಡರು. "ಇಂಥ ಅಣ್ಣ ಸಿಗುವುದು ಪುಣ್ಯ" ಎಂದು ಡ್ಯೂಟಿ ಮುಗಿಸಿ ಬಂದ ಲವೀನಾಳಿಗೆ ವರದಿ ಬೇರೆ. ಅವಳು ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ.

ಮುಂದಿನ ಶನಿವಾರ, ಏಳನೆಯ ಕಂತಿನಲ್ಲಿ ಎಲ್ಲವೂ ತಿರುಗಿಬಿತ್ತು. ಆ ಪುಣ್ಯಾತ್ಮ ಮಂಡಿಯೂರಿ, ಉಂಗುರ ತೆಗೆದು ಏನೋ ಹೇಳಿದ. ಅತ್ತೆ ಧಡಕ್ಕನೆ ಎದ್ದು ಕೂತರು. "ಕಸಾರ್ ಅಂದನಲ್ಲ! ಕಾಜಾರ್!"

ನಮ್ಮ ಕೊಂಕಣಿಯಲ್ಲಿ ಕಾಜಾರ್ ಎಂದರೆ ಮದುವೆ. ಪೋರ್ಚುಗೀಸರಿಂದ ಬಂದ ಆ ಮಾತು ಸ್ಪ್ಯಾನಿಷಿನಲ್ಲೂ ಹೆಚ್ಚುಕಡಿಮೆ ಹಾಗೇ ಇದೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ.

"ಬೇರೆ ಯಾರದ್ದೋ ಮದುವೆ, ಮಾಂಯ್."

"ಉಂಗುರ ತಂಗಿಯ ಬೆರಳಿಗೆ ಹಾಕ್ತಿದ್ದಾನಲ್ಲ, ಜೇಜು!" ಅತ್ತೆ ಶಿಲುಬೆಯ ಗುರುತು ಮಾಡಿಕೊಂಡರು. ನಾನು ಟಿವಿ ನಿಲ್ಲಿಸಿ, ತಲೆ ತಗ್ಗಿಸಿ, ಎಲ್ಲವನ್ನೂ ಒಪ್ಪಿಕೊಂಡೆ.

ಅತ್ತೆ ಜಪಸರವನ್ನು ಬದಿಗಿಟ್ಟರು. ಆಮೇಲೆ, "ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ಆಯಾ ಆಗಿದ್ದವಳು ನಾನು. ಲೋಕ ಹೇಗಿದೆ ಅಂತ ನೀನು ನನ್ನಿಂದ ಮುಚ್ಚಿಡ್ತೀಯಾ? ಸುಮ್ಮನೆ ಇದ್ದ ಜೋಡಿಯನ್ನು ಮಹಾಪಾಪಿ ಮಾಡಿದೆಯಲ್ಲ" ಎಂದರು. ಬೈಗುಳಕ್ಕಿಂತ ಆ ಮೆತ್ತಗಿನ ದನಿಯೇ ನಾಟಿತು. ಕಂತನ್ನು ಮುಂದುವರಿಸಿದಾಗ ಆ ಹೆಂಗಸಿಗೆ ಒಮ್ಮೆಲೇ ನೆನಪು ಮರಳಿತು: ಅವಳಿಗೆ ಕಾರು ಗುದ್ದಿಸಿದವನೇ ಇವನು! ಅವಳ ಹಳೆಯ ಬದುಕೆಂದು ಹೇಳಿದ್ದೆಲ್ಲ ಅವನ ಕಟ್ಟುಕಥೆ. "ಇವನೂ ಓದಿ ಹೇಳುವವನೇ" ಎಂದರು ಅತ್ತೆ.

ಭಾನುವಾರ ಲವೀನಾಳಿಗೆ ರಜೆ. "ನಿಮ್ಮದು ಖಲಾಸ್" ಎಂದು ನನ್ನನ್ನು ಬದಿಗೆ ಕೂರಿಸಿ, ಮೊದಲ ಕಂತಿನಿಂದ ತಾನೇ ಓದಿ ಹೇಳತೊಡಗಿದಳು. ತಾಯಿ, ಮಗಳು ಇಬ್ಬರೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎರಡನೆಯ ಕಂತಿನಲ್ಲಿ ಅವನು ಅವಳಿಗೆ ಮುತ್ತಿಟ್ಟ. ಥೂ, ಅಣ್ಣತಂಗಿಯರು ಹೀಗಾ ಎಂದು ಮುಖ ತಿರುಗಿಸಿಕೊಂಡವನು ಆ ಮನೆಯಲ್ಲಿ ನಾನೊಬ್ಬನೇ.