ಜಗಲಿಯ ಬೆತ್ತದ ಕುರ್ಚಿ

ಭಾನುವಾರ ಬೆಳಿಗ್ಗೆ ನಂಜನಗೂಡಿನ ಅಮೃತೇಶನ ಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅಮೃತೇಶ ಒಲೆಯ ಮುಂದೆಯೇ ನಿಂತಿದ್ದ. ಆದರೆ ಕಣ್ಣು ಮಾತ್ರ ಫೋನಿನೊಳಗಿತ್ತು. ಅದರಲ್ಲಿ ಚೆಸ್ಸಿನ ಒಂದು ಒಗಟು: ಬಿಳಿಯ ನಡೆ, ಎರಡು ನಡೆಯಲ್ಲಿ ಚೆಕ್‌ಮೇಟ್.

"ರೀ, ಹಾಲು ನೋಡ್ಕೊಳ್ಳಿ ಅಂದ್ರೆ ಕುದ್ರೆ ನೋಡ್ತಾ ನಿಂತಿದ್ದೀರಲ್ಲ!" ಹೆಂಡತಿ ನಯನ ಬಟ್ಟೆ ಹಿಡಿದು ಓಡಿ ಬಂದಳು.

"ಇವತ್ತು ನಿಮ್ಮಪ್ಪನ್ನ ಸೋಲ್ಸೇ ಸೋಲಿಸ್ತೀನಿ ಕಣೇ."

"ನಾಲ್ಕು ವರ್ಷದಿಂದ ಕೇಳ್ತಾನೇ ಇದ್ದೀನಿ. ಮೊದ್ಲು ಪಕ್ಕಕ್ಕೆ ಸರೀರಿ."

ಪಾಪ, ಅಮೃತೇಶನ ಆಸೆ ದೊಡ್ಡದೇನಲ್ಲ. ವಾರವಿಡೀ ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟುಗಳ ನಡುವೆ ನಿಂತು ಸುಸ್ತಾದವನಿಗೆ ಭಾನುವಾರ ಊಟ ಮುಗಿಸಿ ಫ್ಯಾನಿನ ಕೆಳಗೆ ಒಂದು ನಿದ್ದೆ ತೆಗೆಯಬೇಕು, ಅಷ್ಟೆ. ಮದುವೆಯಾದ ಮರುವಾರವೇ ಮಾವ ದೊಡ್ಡಸಿದ್ದಯ್ಯ ಮೇಷ್ಟ್ರು ಟಿ. ನರಸೀಪುರದ ತಮ್ಮ ಜಗಲಿಗೆ ಚೆಸ್ ಆಡಲು ಕರೆದರು. ಹೋದ, ಸೋತ. ಮರುವಾರವೂ ಸೋತ. ಸಾಕು ಬಿಡೋಣವೆಂದರೆ ನಯನ ಒಪ್ಪಲಿಲ್ಲ.

"ಸೋತು ಓಡೋದ ಅಂತ ಬೀದಿಯವರೆಲ್ಲ ಆಡ್ಕೋತಾರೆ. ಒಂದ್ಸಲ ಗೆದ್ದು ಬನ್ನಿ. ಆಮೇಲೆ ಭಾನುವಾರ ಮಲ್ಕೊಳ್ಳಿ, ನಾನೇ ದಿಂಬು ತಂದ್ಕೊಡ್ತೀನಿ."

ಆ ದಿಂಬಿಗಾಗಿಯೇ ಮೂರು ತಿಂಗಳಿಂದ ದಿನಕ್ಕೆ ಇಪ್ಪತ್ತು ಒಗಟು ಬಿಡಿಸುತ್ತಿದ್ದ. ಈಗ ಕಣ್ಣು ಎಷ್ಟು ಚುರುಕಾಗಿತ್ತೆಂದರೆ, ತಟ್ಟೆಯಲ್ಲಿ ಇಡ್ಲಿ ಕಂಡರೂ ಯಾವುದನ್ನು ಬಲಿಕೊಟ್ಟರೆ ವಡೆ ಕೈಗೆ ಬರುತ್ತದೆಂದು ಯೋಚಿಸುತ್ತಿದ್ದ.

ನರಸೀಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಸೊಪ್ಪಿನ ಮೂಟೆಯ ಹೆಂಗಸು ಫೋನಿನೊಳಗೆ ಇಣುಕಿದಳು.

"ಏನ್ ಸಾ ಅದು, ಆನೆ ಕುದ್ರೆ?"

"ಒಗಟು ಕಣಮ್ಮ. ರಾಣೀನ ಕೊಟ್ಟು ರಾಜನ್ನ ಹಿಡೀಬೇಕು."

"ಎಂಗ್ಸುನ್ನ ಕೊಟ್ಟು ಗಂಡ್ಸುನ್ನ ಇಡಿಯೋದಾ! ಗೆದ್ರೆ ಏನ್ ಸಿಕ್ತದೆ?"

"ನಿದ್ದೆ."

ಆಕೆ ಮೂಟೆಯನ್ನು ನಡುವೆ ಎಳೆದುಕೊಂಡು ಆಚೆ ಸರಿದು ಕೂತಳು. ಅಷ್ಟರಲ್ಲಿ ಅವನು ಇಳಿಯಬೇಕಾದ ಸ್ಟಾಪು ದಾಟಿಹೋಗಿತ್ತು. ಬಸ್‌ಸ್ಟ್ಯಾಂಡಿನಿಂದ ಬಿಸಿಲಿನಲ್ಲಿ ವಾಪಸು ನಡೆದು ಬಂದು ಮಾವನ ಮನೆ ಸೇರುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು.

ಆ ಜಗಲಿಗೆ ಅದರದ್ದೇ ಕಾನೂನು. ಗೆದ್ದವರು ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತಿರಬೇಕು, ಸೋತವರು ಎದ್ದು ಇನ್ನೊಬ್ಬರಿಗೆ ಜಾಗ ಬಿಡಬೇಕು. ಕುರ್ಚಿ ಹಿಡಿದವರು ಪ್ರತಿ ಭಾನುವಾರ ದೀಪ ಹಚ್ಚುವ ಹೊತ್ತಿನ ತನಕ, ಯಾರು ಬಂದರೂ ಆಡಬೇಕು. ನಡುವೆ "ನಾನು ಸೋತೆ, ಬಿಟ್ಬಿಡಿ" ಅನ್ನುವಂತಿಲ್ಲ, ಚೆಕ್‌ಮೇಟೇ ಆಗಬೇಕು. ಮೇಷ್ಟ್ರು ಆ ಕುರ್ಚಿ ಹಿಡಿದು ಒಂಬತ್ತು ವರ್ಷ ಆಗಿತ್ತು.

ಎದುರುಮನೆಯ ಚಿಕ್ಕಬಸಪ್ಪ ಆಗತಾನೇ ಸೋತು, ಮದುವೆಮನೆಯಿಂದ ಹೊರಟವರ ಹಾಗೆ ನಗುನಗುತ್ತಾ ಎದ್ದರು. ಅದಕ್ಕೂ ಮುಂಚೆ ಸೋತಿದ್ದ ಹಳೇ ಪೋಸ್ಟ್‌ಮ್ಯಾನ್ ರಂಗನಾಯಕರು ಅತ್ತೆ ಸಿದ್ದಲಿಂಗಮ್ಮ ಕೊಟ್ಟ ಉಪ್ಪಿಟ್ಟು ತಿನ್ನುತ್ತಿದ್ದರು.

"ಬನ್ನಿ ಅಳಿಯಂದ್ರೇ," ಮಾವ ಕಾಯಿ ಜೋಡಿಸಿದರು.

ಅರ್ಧ ಗಂಟೆ ಕಳೆಯಿತು. ಅಮೃತೇಶ ಥಟ್ಟನೆ ಬೋರ್ಡಿನ ಮೇಲೆ ಬಗ್ಗಿದ. ಮಾವನ ರಾಜ ಮೂಲೆಯಲ್ಲಿದ್ದಾನೆ, ಸುತ್ತ ಅವರದೇ ಕಾಯಿಗಳು. ಬೆಳಿಗ್ಗೆ ಹಾಲು ಉಕ್ಕಿಸಿದ್ದು ಇದೇ ಒಗಟು! ರಾಣಿಯ ಕಡೆಗೆ ಕೈ ಚಾಚಿದ.

"ಬೇಡಿ ಅಳಿಯಂದ್ರೇ!" ಚಿಕ್ಕಬಸಪ್ಪ ಹೌಹಾರಿದರು. "ಸುಮ್ನೆ ಒಂದು ಕಾಲಾಳು ನಡೆಸಿ."

"ದುಡುಕ್ಬೇಡಿ ಸಾ," ಉಪ್ಪಿಟ್ಟು ಬಾಯಲ್ಲಿದ್ದಂತೆಯೇ ರಂಗನಾಯಕರೆಂದರು. "ಕಾಪಿ ಕುಡ್ದು ಆಮೇಲ್ ನೋಡವ."

ಇವರೆಲ್ಲ ಮಾವನ ಕಡೆಯವರು, ಅಂದುಕೊಂಡ ಅಮೃತೇಶ ರಾಣಿಯನ್ನು ರಾಜನ ಮಗ್ಗುಲಿಗೇ ತಂದಿಟ್ಟ. ಅದಕ್ಕೆ ಕುದುರೆಯ ಕಾವಲಿತ್ತು, ರಾಜ ಮುಟ್ಟುವಂತಿಲ್ಲ. ಆನೆಯೇ ಬಂದು ರಾಣಿಯನ್ನು ಹೊಡೆಯಬೇಕಾಯಿತು. ಈಗ ರಾಜನಿಗೆ ಅಲುಗಲೂ ಜಾಗವಿಲ್ಲ. ಕುದುರೆ ಜಿಗಿಯಿತು.

"ಚೆಕ್‌ಮೇಟ್ ಮಾವ!"

ಚಿಕ್ಕಬಸಪ್ಪ ಹಣೆ ಚಚ್ಚಿಕೊಂಡರು. ಮೇಷ್ಟ್ರು ಎರಡೂ ಮಂಡಿ ಲಟಲಟ ಅನ್ನಿಸಿಕೊಂಡು ಎದ್ದರು. ಕೊನೇ ಬೆಲ್ ಕೇಳಿದ ಮೂರನೇ ಕ್ಲಾಸಿನ ಮಕ್ಕಳ ಮುಖ ಅವರದು.

"ಲೇ ಇವಳೇ, ಬಾರೇ! ಎದ್ದೆ ಕಣೇ ನಾನು, ಎದ್ದೆ!"

ಸಿದ್ದಲಿಂಗಮ್ಮ ಸೌಟು ಹಿಡಿದೇ ಓಡಿ ಬಂದರು. "ನಿಮ್ ಹೊಟ್ಟೆ ತಣ್ಣಗಿರ್ಲಿ ಅಳಿಯಂದ್ರೇ," ಎಂದು ಕಣ್ಣೊರೆಸಿಕೊಂಡು, ನೆಟ್ಟಗೆ ಒಳಗೆ ಹೋಗಿ ಮಗಳಿಗೆ ಫೋನು ಹಚ್ಚಿದರು.

"ಬೇಜಾರಾಗ್ಲಿಲ್ವಾ ಮಾವ?"

"ಬೇಜಾರಾ! ನಾಲ್ಕು ವರ್ಷದಿಂದ ಭಾನುವಾರ ಭಾನುವಾರ ರಾಜನ್ನ ಇದೇ ಮೂಲೇಲಿ ಕೂರ್ಸಿ, ಸುತ್ತ ನನ್ ಕಾಯಿಗಳನ್ನೇ ಗೋಡೆ ಕಟ್ಟಿ ನಿಮ್ಮ ದಾರಿ ಕಾಯ್ತಿದ್ದೆ. ನಿಮ್ ಕಣ್ಣಿಗೇ ಬೀಳ್ಲಿಲ್ಲ. ಇವರಿಬ್ರಿಗೆ ಕಾಣ್ತಿತ್ತು, ಕಳ್ಳರು, ಬೇಕಂತ ಬೇರೆ ಕಡೆ ನೋಡೋರು!"

"ಮತ್ತಿನ್ನೇನು?" ಚಿಕ್ಕಬಸಪ್ಪ ನಾಚಿಕೆಯಿಲ್ಲದೆ ಒಪ್ಪಿಕೊಂಡರು. "ಆ ಕುರ್ಚಿ ಯಾರಿಗ್ ಬೇಕು? ಬತ್ತೀವಿ, ಸೋಲ್ತೀವಿ, ಉಪ್ಪಿಟ್ಟು ತಿಂತೀವಿ, ಮನೇಗೋಗಿ ಮಲೀಕತೀವಿ. ಬೇಡ ಬೇಡ ಅಂತ ಬಡ್ಕಂಡೆ. ಕೇಳುದ್ರಾ?"

ಅಮೃತೇಶನ ಫೋನು ಹೊಡೆದುಕೊಂಡಿತು. ನಯನ.

"ರೀ, ಗೆದ್ರಂತೆ! ಅಮ್ಮ ಎಲ್ಲಾ ಹೇಳಿದ್ರು."

"ನಯನಾ, ನನ್ ದಿಂಬು..."

"ಅದನ್ನ ಅಪ್ಪಂಗೆ ತೆಗ್ದಿಟ್ಟೆ. ಮುಂದಿನ ವಾರದಿಂದ ಭಾನುವಾರ ಅಪ್ಪ ಅಮ್ಮ ಇಲ್ಲಿಗೇ ಬರ್ತಾರಂತೆ. ನಮ್ಮನೆ ಫ್ಯಾನು ಅಪ್ಪಂಗೆ ತುಂಬಾ ಇಷ್ಟ."

"ನಾನು ಇಲ್ಲಿಗೆ ಬರೋದೇ ಇಲ್ಲ ಅಂದ್ರೆ?"

"ಗೆದ್ದು ಓಡೋದ ಅಂತಾರೆ ರೀ. ಅದು ಇನ್ನೂ ಕೆಟ್ಟದು."

ಅಮೃತೇಶ ಬೆತ್ತದ ಕುರ್ಚಿಯಲ್ಲಿ ಕೂತ. ಅದು ಮಾವನ ಮೈಗೆ ತಕ್ಕಂತೆ ಒಂದು ಕಡೆಗೆ ತಗ್ಗಾಗಿತ್ತು. ಇರಲಿ, ಇವತ್ತೇ ಸೋತು ಎದ್ದುಬಿಡುತ್ತೇನೆ, ಅಂದುಕೊಂಡ. ಎದುರಿಗೆ ಚಿಕ್ಕಬಸಪ್ಪ ಬಂದು ಕೂತರು. ನೋಡುನೋಡುತ್ತಲೇ ರಾಜನನ್ನು ಮೂಲೆಗೆ ಸೇರಿಸಿ, ಸುತ್ತ ತಮ್ಮ ಕಾಯಿಗಳನ್ನೇ ಒತ್ತೊತ್ತಾಗಿ ಜೋಡಿಸಿ, ಕಾಫಿ ಲೋಟ ಕೈಗೆತ್ತಿಕೊಂಡರು.

"ನಿಮ್ ನಡೆ, ಅಳಿಯಂದ್ರೇ."

ಹಾಳು ಕಣ್ಣು, ಬೇಡವೆಂದರೂ ಕಂಡುಬಿಡುತ್ತದೆ. ಅಮೃತೇಶ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಕೈಗೆ ಸಿಕ್ಕ ಕಾಯಿಯನ್ನು ಯಾವುದೋ ಮನೆಗೆ ನೂಕಿದ.

"ಚೆಕ್‌ಮೇಟ್!" ಎಂದು ಸೋತ ಚಿಕ್ಕಬಸಪ್ಪನವರೇ ಕೂಗಿ, ಎದ್ದು ಉಪ್ಪಿಟ್ಟಿನ ಕಡೆ ನಡೆದರು.

ಒಳಗಿನ ಕೋಣೆಯಿಂದ ಮಾವನ ಗೊರಕೆ ಕೇಳಿಬರುತ್ತಿತ್ತು.