ಕೆಂಪು ರಬ್ಬರಿನ ಫೋನು

ಬೆಳಿಗ್ಗೆ ನಳದಲ್ಲಿ ನೀರು ಬರುವ ಮೊದಲೇ ಚಾಳಿಗೆ ಸುದ್ದಿ ಬಂತು. ರಿಕ್ಷಾ ಓಡಿಸುವ ದತ್ತಾ ಹಲ್ಲುಜ್ಜುತ್ತಲೇ ಅದನ್ನು ಎಲ್ಲರಿಗೂ ಓದಿ ಹೇಳಿದ. ನಾಳೆಯಿಂದ ಸರಕಾರ ಒಂದು ಯಂತ್ರ ಹಾಕುತ್ತದಂತೆ. ಯಾರು ಯಾರಿಗೆ ಏನು ಮೆಸೇಜು ಕಳಿಸಿದರೂ ಅದು ಮೊದಲು ಓದಿ, ಆಮೇಲೆ ಮುಂದೆ ಬಿಡುತ್ತದಂತೆ. ಹಳೆಯದನ್ನೂ ಬಿಡುವುದಿಲ್ಲವಂತೆ. ಇದನ್ನು ಕಳಿಸಿದ್ದು ಅವನ ಭಾವ, ಭಾವನಿಗೆ ಕಳಿಸಿದ್ದು ಗೋವೆಯ ಯಾರೋ. ಕಾರವಾರದಲ್ಲಿ ಒಂದು ಸುದ್ದಿ ನಿಜವಾಗಲಿಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗುವುದಿಲ್ಲ.

"ಓದ್ಲಿ ಬಿಡಿ," ಎಂದ ದತ್ತಾ. "ಕಳ್ಳ ಅಲ್ದವ್ನಿಗೆ ಎಂತ ಹೆದ್ರಿಕೆ?"

"ಹಂಗಾದ್ರೆ ನಿನ್ನ ಬಚ್ಚಲಿಗೆ ಬಾಗಿಲು ಯಾಕೋ ದತ್ತಾ?" ಎಂದರು ಕೊನೆಯ ಖೋಲಿಯ ಸೋಮ ಮಾಸ್ತರು. ರಿಟೈರಾಗಿ ಆರು ವರ್ಷವಾದರೂ ಅವರಿಗೆ ಎದುರಿಗಿದ್ದವರೆಲ್ಲ ನಾಲ್ಕನೇ ಇಯತ್ತೆಯವರೇ. "ಒಳಗೆ ಕಳ್ತನ ಮಾಡ್ತ್ಯಾ? ಖಾಸಗಿತನ ಅಂದ್ರೆ ಮೂಲಭೂತ ಹಕ್ಕು. ಸುಪ್ರೀಂ ಕೋರ್ಟೇ ಹೇಳಿದೆ."

ದತ್ತಾ ಬಾಯಿ ಮುಕ್ಕಳಿಸಿ, ಬಾವಿಯ ಹಿಂದೆ ಹೋಗಿ ನಿಂತು, ಅರ್ಧ ಗಂಟೆ ತನ್ನ ಮೆಸೇಜು ಅಳಿಸಿದ.

ಈ ಗದ್ದಲದಲ್ಲಿ ತುಳಸಿದಾಸನ ಕೈಯಲ್ಲಿದ್ದ ಚಹಾ ತಣ್ಣಗಾಗಿ ಕೆನೆಗಟ್ಟಿದ್ದೂ ಅವನಿಗೆ ಗೊತ್ತಾಗಲಿಲ್ಲ.

ತುಳಸಿದಾಸನಿಗೆ ಐವತ್ತೆರಡು. ಬಂದರಿನ ಹತ್ತಿರದ ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಪುಡಿ ಮಾಡುವ ಮಷಿನ್ನಿನ ಕೆಲಸ. ಹುಟ್ಟಿದ್ದು ಅಂಕೋಲೆಯ ಅಗಸೂರಿನಲ್ಲಿ. ಅಲ್ಲಿ ಅಣ್ಣನ ಸಂಸಾರವಿತ್ತು, ಇವನಿಗೊಂದು ಫೋನು ಮಾಡುವಷ್ಟು ಪುರಸೊತ್ತು ಅವರಿಗಿರಲಿಲ್ಲ. ಮದುವೆ ಯಾಕೆ ಆಗಲಿಲ್ಲ ಅಂದರೆ ಇಂಥದೇ ಕಾರಣ ಅಂತಿಲ್ಲ. ಇವತ್ತು ನಾಳೆ ಅನ್ನುತ್ತ ವಯಸ್ಸು ಹೋಗಿತ್ತು.

ಮೂರು ವರ್ಷದ ಹಿಂದಿನ ಮಾತು. ಸಂಜೆ ಚಾಳಿನವರು ಜಗಲಿಯಲ್ಲಿ ಕೂತಾಗ ಎಲ್ಲರ ಫೋನೂ ಟಿಂಗ್ ಟಿಂಗ್ ಅನ್ನುತ್ತಿತ್ತು, ಇವನದು ಅನ್ನುತ್ತಿರಲಿಲ್ಲ. ಪಕ್ಕದ ಖೋಲಿಯ ಹೀರಾಬಾಯಿ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು, ಮೂವತ್ತು ವರ್ಷದಿಂದ ಗಿರಾಕಿಗಳ ಮುಖ ಓದಿದವಳು. ಒಂದು ದಿನ ಎಲ್ಲರೆದುರೇ ಕೇಳಿಬಿಟ್ಟಳು. "ತುಳಸೂ, ನಿಂಗೆ ಯಾರೂ ಎಂತದೂ ಕಳ್ಸೂದಿಲ್ವಾ?"

"ಕಳಿಸ್ತ್ರು," ಅಂದ ತುಳಸಿದಾಸ. "ಭಾರತಿ ಅಂತ. ಮಂಜಗುಣಿ ಬದಿಗೆ ಟೀಚರು."

ಬಾಯಿಂದ ಬಂದದ್ದು ಬಂತು. ಇನ್ನು ಟಿಂಗ್ ಬೇಕಲ್ಲ? ಮರುದಿನವೇ ಪೇಟೆಗೆ ಹೋಗಿ ತನ್ನದರ ಹಾಗೇ ಇದ್ದ ಇನ್ನೊಂದು ಹಳೇ ಫೋನು, ಹೊಸ ಸಿಮ್ಮು ತಂದ. ಅಲ್ಲಿಂದ ಶುರು. ಸಂಜೆ ಏಳಕ್ಕೆ ತನ್ನ ಫೋನನ್ನು ಜಗಲಿಯ ಮೇಲೆ ಮರೆತವನ ಹಾಗೆ ಬಿಟ್ಟು, ಚಹಾ ಕಾಸುವ ನೆಪದಲ್ಲಿ ಒಳಗೆ ಹೋಗುವುದು; ಟ್ರಂಕು ತೆರೆದು ಆ ಹೊಸ ಸಿಮ್ಮಿನ ಫೋನಿನಲ್ಲಿ, ಅಂದರೆ ಭಾರತಿಯ ಫೋನಿನಲ್ಲಿ, "ಊಟ ಆಯ್ತಾ?" ಅಂತ ಬರೆಯುವುದು. ಹೊರಗೆ ಟಿಂಗ್. "ತುಳಸೂ, ನಿನ್ನ ಟೀಚರು ಬಂದ್ರು ನೋಡು," ಎಂದು ಹೀರಾಬಾಯಿ ಕೂಗುವುದು. ಇವನು ನಾಚಿಕೊಂಡು ಹೊರಗೆ ಬರುವುದು.

ಮೊದಮೊದಲು ಬರೀ ಟಿಂಗ್ ಬೇಕಿತ್ತು. ಬರಬರುತ್ತ ಭಾರತಿ ತನ್ನದೇ ಸ್ವಭಾವ ತೋರಿಸತೊಡಗಿದಳು. ಬಿಪಿ ಇರುವವರು ಒಣಮೀನು ತಿನ್ನಬಾರದು ಎಂದು ಬೈದಳು, ಅವನು ಬಿಟ್ಟ. ಒಂದು ಸಲ ಜಗಳವೇ ಆಗಿ ನಾಲ್ಕು ದಿನ ಟಿಂಗ್ ಇಲ್ಲ. ಆಗ ಹೀರಾಬಾಯಿ ತಾನು ಮಧ್ಯೆ ನಿಂತು ರಾಜಿ ಮಾಡಿಸುತ್ತೇನೆ ಎಂದು ಹಟ ಹಿಡಿದು ಭಾರತಿಯ ನಂಬರು ಬರೆಸಿಕೊಂಡಳು. ಟೀಚರ ಅಣ್ಣ ಬಲು ಸಿಟ್ಟಿನವ, ಯಾವತ್ತೂ ಫೋನು ಮಾಡಬೇಡ ಎಂದು ಇವನು ಕಾಲು ಹಿಡಿಯುವುದೊಂದು ಬಾಕಿ. ಮಾಡುವುದಿಲ್ಲ ಎಂದು ಹೀರಾಬಾಯಿ ಸಮುದ್ರದ ಮೇಲೆ ಆಣೆ ಇಟ್ಟಳು, ಮಾಡಲೂ ಇಲ್ಲ.

ಈಗ ನಾಳೆಯಿಂದ ಯಂತ್ರ ಓದುತ್ತದೆ. ಜೈಲಿಗೆ ಹಾಕಿದರೆ ತುಳಸಿದಾಸ ಹೋಗಿ ಬರುತ್ತಿದ್ದ. ಆದರೆ ಎಲ್ಲಿಯೋ ಒಬ್ಬ ಆಫೀಸರು ಓದುತ್ತಾನೆ, ಎರಡೂ ಸಿಮ್ಮು ಒಬ್ಬನದೇ ಅಂತ ನೋಡುತ್ತಾನೆ, ಪಕ್ಕದ ಮೇಜಿನವನನ್ನು ಕರೆದು ತೋರಿಸುತ್ತಾನೆ, ಇಬ್ಬರೂ ನಗುತ್ತಾರೆ. ಮುಚ್ಚಿಡಲಿಕ್ಕೆ ಕಳ್ಳತನವೇ ಬೇಕು ಅಂತ ದತ್ತಾನಿಗೆ ಹೇಳಿದವರಾರು? ತನಗೆ ಯಾರೂ ಇಲ್ಲ ಎನ್ನುವುದನ್ನೂ ಮನುಷ್ಯ ಮುಚ್ಚಿಡುತ್ತಾನೆ.

ಅಷ್ಟರಲ್ಲಿ ದತ್ತಾ ಬಾವಿಯ ಹಿಂದಿನಿಂದ ಹೊಸ ಸುದ್ದಿ ತಂದ. "ಗಂಡ-ಹೆಂಡ್ತಿ ಮೆಸೇಜು ಯಂತ್ರ ಓದೂದಿಲ್ಲಂತೆ. ಅದ್ನ ಬಿಟ್ಟಿದ್ರಂತೆ."

ಚಾಳಿನ ಕಣ್ಣೆಲ್ಲ ತುಳಸಿದಾಸನ ಮೇಲೆ ಬಿತ್ತು.

"ತುಳಸೂ," ಎಂದಳು ಹೀರಾಬಾಯಿ, "ಮೂರು ವರ್ಷ ಆಯ್ತು. ನಿಮ್ಮಿಬ್ರ ಮಾತು ಊರವ್ರೆಲ್ಲ ಓದೂದು ಬೇಡ. ಇವತ್ತೇ ಹೋಗಿ ಅವ್ಳ ಅಣ್ಣನ್ನ ಕೇಳು."

"ಇವತ್ತು ಡ್ಯೂಟಿ ಉಂಟು."

"ನಾ ಹೇಳ್ತೆ ನಿನ್ನ ಫ್ಯಾಕ್ಟರಿ ಮುಕಾದಮನಿಗೆ," ಎಂದ ದತ್ತಾ, ಹೇಳಿಯೂ ಬಿಟ್ಟ. ಹೆಣ್ಣು ಕೇಳಲು ಬರಿಗೈಯಲ್ಲಿ ಹೋಗಬಾರದೆಂದು ಹೀರಾಬಾಯಿ ಬುಟ್ಟಿಯಿಂದ ಎರಡು ದೊಡ್ಡ ಪಾಪ್ಲೆಟ್ ಮೀನು ತೆಗೆದು, ಐಸು ಹಾಕಿ, ಚೀಲಕ್ಕೆ ತುಂಬಿದಳು. ಮಾಸ್ತರು ತಮ್ಮ ಇಸ್ತ್ರಿ ಅಂಗಿ ಕೊಟ್ಟರು. ದತ್ತಾ ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗಿ, ಅಂಕೋಲೆಯ ಬಸ್ಸು ಹತ್ತಿಸಿ, ಅದು ಹೊರಡುವ ತನಕ ಕೈ ಬೀಸುತ್ತ ನಿಂತ.

ತುಳಸಿದಾಸ ಹೊರಡುವಾಗ ಒಂದೇ ಕೆಲಸ ಬುದ್ಧಿಯಿಂದ ಮಾಡಿದ್ದ, ಭಾರತಿಯ ಫೋನನ್ನೂ ಜೇಬಿಗೆ ಹಾಕಿಕೊಂಡಿದ್ದ. ಹೇಗೂ ಹೋಗಲೇಬೇಕು, ಅತ್ತಲಾಗೆ ಇದನ್ನು ಹೊಳೆಗೆ ಹಾಕಿ ಬಂದರೆ ಯಂತ್ರವೂ ಇಲ್ಲ, ತಂತ್ರವೂ ಇಲ್ಲ. ಐಸು, ಉಪ್ಪುನೀರಲ್ಲಿ ಕೆಲಸ ಮಾಡುವ ಬಂದರಿನವರ ಫೋನು ಯಾವಾಗಲೂ ಪ್ಲಾಸ್ಟಿಕ್ ಚೀಲದ ಕೊಟ್ಟೆಯೊಳಗೆ ರಬ್ಬರು ಬ್ಯಾಂಡು ಸುತ್ತಿಕೊಂಡೇ ಇರುತ್ತದೆ. ಮಾತಾಡುವುದೂ ಕೊಟ್ಟೆಯ ಮೇಲಿಂದಲೇ. ಗುರುತಿಗೆಂದು ತನ್ನದಕ್ಕೆ ಹಸಿರು ರಬ್ಬರು, ಭಾರತಿಯದಕ್ಕೆ ಕೆಂಪು ಹಾಕಿದ್ದ.

ಬಸ್ಸಿನಲ್ಲಿ ಐಸು ಕರಗಿ ಸೀಟಿನ ಕೆಳಗೆ ಹರಿಯಿತು. ಕಂಡಕ್ಟರು ಬೈದ. ಪಕ್ಕದಲ್ಲಿ ಕೂತ ಮುದುಕಿ ಕಾಮಿ, ಮೀನುಗಾರರ ಊರಾದ ಮಂಜಗುಣಿಯವಳು, ಚೀಲದಲ್ಲಿ ಇಣುಕಿದಳು. "ಎಲ್ಲಿಗೆ ಹೊಂಟ್ಯೋ ತಮ್ಮಾ?"

"ಮಂಜಗುಣಿಗೆ."

"ಮಂಜಗುಣಿಗೆ ಮೀನು ತಕ್ಕಂಡು ಹೊಂಟ್ಯಾ?" ಕಾಮಿ ಅವನ ಮುಖವನ್ನೇ ನೋಡಿದಳು. "ಯಾರ ಮನಿಗೆ?"

"ಭಾರತಿ ಟೀಚರು ಅಂತ."

"ನಮ್ಮ ಶಾಲಿಲಿ ಭಾರತಿ ಅಂತ ಯಾರೂ ಇಲ್ವಲ್ಲ. ನನ್ನ ಮೊಮ್ಮಗಳು ಅಲ್ಲೇ ಕಲಿತದೆ."

"ಹೊಸಬ್ರು," ಎಂದ ತುಳಸಿದಾಸ. ಅಂಕೋಲೆಯಲ್ಲಿ ಬಸ್ಸು ಬದಲಿಸಿದರೂ ಕಾಮಿ ಪಕ್ಕದಲ್ಲೇ. ಮಂಜಗುಣಿಯಲ್ಲಿ ಇಳಿದ ಮೇಲೂ ಬಿಡಲಿಲ್ಲ, ಶಾಲೆಯ ದಾರಿ ತೋರಿಸುತ್ತೇನೆ ಎಂದು ಮುಂದೆ ಹೊರಟಳು. ಕೊನೆಗೆ ಅವಳ ಕೈಗೆ ಎರಡೂ ಪಾಪ್ಲೆಟ್ ಕೊಟ್ಟು, "ಇದು ನಿಮ್ಗೇ ಇರ್ಲಿ ಅಮ್ಮಾ," ಎಂದ ಮೇಲೆಯೇ ಅವಳು ಮನೆಯ ದಾರಿ ಹಿಡಿದದ್ದು.

ಮಧ್ಯಾಹ್ನದ ಬಿಸಿಲಿಗೆ ಹೊಳೆಯ ದಂಡೆಯಲ್ಲಿ ಯಾರೂ ಇರಲಿಲ್ಲ. ಗಂಗಾವಳಿ ಅಲ್ಲೇ ಮುಂದೆ ಸಮುದ್ರ ಸೇರುವ ಅವಸರದಲ್ಲಿತ್ತು. ತುಳಸಿದಾಸ ಕವುಚಿಟ್ಟ ದೋಣಿಯೊಂದರ ನೆರಳಲ್ಲಿ ಕೂತ. ಎರಡೂ ಕೊಟ್ಟೆ ಬಿಚ್ಚಿ, ಎರಡೂ ಫೋನು ತೊಡೆಯ ಮೇಲೆ ಇಟ್ಟುಕೊಂಡ. ಸುಮ್ಮನೆ ಬಿಸಾಕಬಹುದಿತ್ತು. ಆದರೆ ಮೂರು ವರ್ಷ ದಿನಾ ಊಟ ಆಯ್ತಾ ಅಂತ ಕೇಳಿದವಳನ್ನು ಒಂದು ಮಾತೂ ಆಡಿಸದೆ ನೀರಿಗೆ ಹಾಕುವುದು ಹೇಗೆ?

ಭಾರತಿಯ ಫೋನಿನಲ್ಲಿ ಬರೆದ. "ನನ್ನ ಮದುವೆ ಬೇರೆ ಕಡೆ ನಿಶ್ಚಯ ಆಯಿತು. ಇನ್ನು ಬರೆಯುವುದಿಲ್ಲ. ನೀವೂ ಬರೆಯಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಗುಳಿಗೆ ಮರೆಯಬೇಡಿ."

ಇನ್ನೊಂದು ತೊಡೆಯ ಮೇಲೆ ಟಿಂಗ್ ಅಂದಿತು. ಎತ್ತಿಕೊಂಡು ಓದಿದ. ಬರೆದವನು ತಾನೇ, ಬರೆದು ಅರೆ ನಿಮಿಷ ಆಗಿಲ್ಲ. ಆದರೂ ಗುಳಿಗೆ ಎನ್ನುವಲ್ಲಿಗೆ ಬರುವಾಗ ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ. ಅವ್ವ ಸತ್ತ ದಿನದ ಮೇಲೆ ಅವನು ಅತ್ತದ್ದು ಅವತ್ತೇ. ಮಾಸ್ತರ ಇಸ್ತ್ರಿ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು, ಅಭ್ಯಾಸದಂತೆ ಎರಡೂ ಫೋನನ್ನು ಕೊಟ್ಟೆಗೆ ಹಾಕಿದ, ರಬ್ಬರು ಸುತ್ತಿದ. ಕೆಂಪು ರಬ್ಬರಿನದನ್ನು ಬಲವಾಗಿ ಬೀಸಿ ಹೊಳೆಯ ಮಧ್ಯಕ್ಕೆ ಎಸೆದ. ಸ್ವಲ್ಪ ಹೊತ್ತು ತೇಲಿ ಅದು ಮುಳುಗಿತು.

ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕೊಟ್ಟೆಯೊಳಗೆ ಬೆವರು ಹಿಡಿದು ಏನೂ ಕಾಣುತ್ತಿರಲಿಲ್ಲ. ಹಾಗೇ ಒತ್ತಿ ಕಿವಿಗಿಟ್ಟ.

"ನಮಸ್ಕಾರ," ಎಂದಿತು ಅಲ್ಲಿಂದ ಅಳುಕುವ ದನಿ.

ಹೀರಾಬಾಯಿ. ಅವಳು ತನಗೆ ನಮಸ್ಕಾರ ಹೇಳುವುದು ಅವನಿಗೆ ವಿಚಿತ್ರ ಅನಿಸಿತು. ಹೆಣ್ಣು ಕೇಳಲು ಹೋದವನಿಗೆ ಮರ್ಯಾದೆ ಇರಬೇಕು ಅಂದುಕೊಂಡ.

"ಹೀರಾಬಾಯೀ, ನಾನೇ, ತುಳಸು," ಎಂದ.

ಅಲ್ಲಿಂದ ಮಾತಿಲ್ಲ. ಕೇಳಲಿಕ್ಕೆ ಸಂಕೋಚಪಡುತ್ತಿದ್ದಾಳೆ ಎಂದು ಇವನೇ ಶುರು ಮಾಡಿದ. "ಕೆಲ್ಸ ಆಗ್ಲಿಲ್ಲ. ಭಾರತಿಯವ್ರಿಗೆ ಬೇರೆ ಕಡೆ ನಿಶ್ಚಯ ಆಯ್ತಂತೆ. ಅಣ್ಣನೂ ಇದ್ದ, ಚಹಾ ಕೊಟ್ರು, ಮೀನು ತಕ್ಕಂಡ್ರು. ಅವ್ರೂ ಅತ್ರು, ಏನು ಮಾಡೂದು. ನನ್ನೆದ್ರಿಗೇ ಫೋನು ಬಂದ್ ಮಾಡಿ ಸಿಮ್ಮು ಮುರ್ದು ಹಾಕಿದ್ರು. ಇನ್ನು ಆ ನಂಬ್ರ ಹತ್ತೂದಿಲ್ಲ."

ಹೀರಾಬಾಯಿ ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು.

"ಹತ್ತೂದಿಲ್ಲ ಅಂದ್ಯಾ?"

"ಹತ್ತೂದೇ ಇಲ್ಲ."

"ಆಯ್ತು," ಎಂದಳು. ಅವಳ ದನಿ ಇಷ್ಟು ಮೆತ್ತಗಿದ್ದದ್ದನ್ನು ಅವನು ಕೇಳಿರಲಿಲ್ಲ. "ನಿನ್ನ ಫೋನು ಹತ್ಲಿಲ್ಲ, ಹೆದ್ರಿಕೆ ಆಯ್ತು, ಅದ್ಕೇ ಮಾಡ್ದೆ. ಬಾ ಮನಿಗೆ. ಎಂತಾರು ತಿಂದ್ಯಾ?"

ನನ್ನ ಫೋನು ಹತ್ತದಿದ್ದರೆ ಇವಳು ಮಾತಾಡಿದ್ದು ಎಲ್ಲಿಗೆ? ಈ ಪ್ರಶ್ನೆ ಅವನಿಗೆ ಹೊಳೆಯುವಾಗ ಬಸ್ಸು ಅವರ್ಸಾ ದಾಟಿತ್ತು. ಹಸಿರು ರಬ್ಬರು ತೆಗೆದ. ಪರದೆಯ ಎಡಗಡೆ ಇರಬೇಕಾದ ಭಾರತಿಯ ಮಾತೆಲ್ಲ ಬಲಗಡೆ ಇತ್ತು. ಗುಳಿಗೆ ಮರೆಯಬೇಡಿ ಎಂಬುದೂ ಅಲ್ಲೇ ಇತ್ತು. ಅಳುವ ಭರದಲ್ಲಿ ರಬ್ಬರು ಅದಲುಬದಲಾಗಿತ್ತು. ಗಂಗಾವಳಿಯಲ್ಲಿ ಮುಳುಗಿದ್ದು ತುಳಸಿದಾಸ; ಜೇಬಿನಲ್ಲಿ ಉಳಿದಿದ್ದು ಭಾರತಿ. ಹೀರಾಬಾಯಿ ಆಣೆ ಮುರಿದು ಫೋನು ಮಾಡಿದ್ದು ಟೀಚರಿಗೆ.

ಚಾಳಿಗೆ ಬರುವಾಗ ಸಂಜೆ ಆರೂವರೆ. ಎಲ್ಲರೂ ಜಗಲಿಯಲ್ಲೇ ಇದ್ದರು. "ಯಂತ್ರ ಗಿಂತ್ರ ಎಂತದೂ ಇಲ್ಲಂತೋ," ಎಂದ ದತ್ತಾ. "ಯಾರೋ ಸುಳ್ಳು ಬಿಟ್ಟದ್ದಂತೆ. ಮಾಸ್ತರು ಟೀವಿಲಿ ನೋಡಿದ್ರು." ಹೀರಾಬಾಯಿ ತಲೆ ಎತ್ತದೆ ಸೀಗಡಿ ಸುಲಿಯುತ್ತಿದ್ದಳು. "ಬಂದ್ಯಾ," ಎಂದಳು, ಅಷ್ಟೇ. ತುಳಸಿದಾಸ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಅಗಳಿ ಹಾಕಿಕೊಂಡ.

ಗಂಟೆ ಏಳಾಯಿತು. ಜಗಲಿಯ ಮೇಲೆ ಮರೆತು ಬಿಡಲಿಕ್ಕೆ ಅವನ ಹತ್ತಿರ ಫೋನಿರಲಿಲ್ಲ. ಅವನು ಕತ್ತಲಾಗುತ್ತಿದ್ದ ಖೋಲಿಯಲ್ಲಿ ಟ್ರಂಕಿನ ಮೇಲೆ ಕೂತ. ಇಂಥ ಹೊತ್ತಿಗೆ ಮಾತಾಡಲು ಅವನಿಗೆ ಒಬ್ಬಳೇ ಇದ್ದದ್ದು, ಅವಳ ಬಾಯನ್ನು ಅವನೇ ಕಟ್ಟಿ ಬಂದಿದ್ದ.

ಆಗ ಕೈಯಲ್ಲಿದ್ದ ಭಾರತಿಯ ಫೋನು ಟಿಂಗ್ ಅಂದಿತು.

"ಟೀಚರೇ, ನಾನು ಪಕ್ಕದ ಖೋಲಿಯ ಹೀರಾ, ಮಾಸ್ತರ ಕೈಲಿ ಬರೆಸಿದ್ದು. ತುಳಸಿದಾಸ ಬೆಳಿಗ್ಗೆಯಿಂದ ಉಂಡಿಲ್ಲ. ಬಾಗಿಲ ಹೊರಗೆ ಅನ್ನ, ಸೀಗಡಿ ಸಾರು ಇಟ್ಟಿದ್ದೇನೆ. ನಾವು ಹೇಳಿದರೆ ಕೇಳುವವನಲ್ಲ. ನೀವು ಹೇಳಿ."

ಖೋಲಿಯ ಗೋಡೆ ತೆಳು. ಒಳಗಿನ ಟಿಂಗ್ ಜಗಲಿಗೆ ಸರಿಯಾಗಿ ಕೇಳಿಸಿರಬೇಕು, ಹೊರಗಿನ ಮಾತು ಒಮ್ಮೆಲೇ ನಿಂತುಹೋಯಿತು. ತುಳಸಿದಾಸ ಕಣ್ಣುಮುಚ್ಚಿ ನಗುವಿಗೆ ಕಾದ. ದತ್ತಾನ ಹೋ ಹೋ ಎಂಬ ನಗು ಈಗ ಬರುತ್ತದೆ, ಈಗ ಬರುತ್ತದೆ.

ಟಿಂಗ್. "ಟೀಚರೇ, ನಾನು ರಿಕ್ಷಾ ದತ್ತಾ. ಇನ್ನೊಂದ್ಸಲ ಯೋಚನೆ ಮಾಡಿ. ಮನುಷ್ಯ ಪೆದ್ದ, ಆದರೆ ಒಳ್ಳೆಯವ."

ಟಿಂಗ್. "ಕು. ಭಾರತಿಯವರಿಗೆ, ಸೋಮ ಮಾಸ್ತರ ನಮಸ್ಕಾರಗಳು. ಅಂಗಿಯನ್ನು ನಾಳೆ ಒಗೆದು ಕೊಟ್ಟರೆ ಸಾಕೆಂದು ಅವನಿಗೆ ತಿಳಿಸುವುದು."

ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಬಿಡಬಹುದಿತ್ತು. ತುಳಸಿದಾಸ ಬೇರೆ ದಾರಿ ಕಾಣದೆ, "ಹೇಳ್ತೇನೆ" ಎಂದು ಮೂವರಿಗೂ ಭಾರತಿಯ ಹೆಸರಲ್ಲಿ ಉತ್ತರ ಬರೆದ. ಆಮೇಲೆ ಅವಳು ಹೇಳಿದ್ದಕ್ಕೆ ಎದ್ದು, ಬಾಗಿಲು ತೆರೆದು, ತಟ್ಟೆ ಒಳಗೆ ತಂದುಕೊಂಡ.

ಅವನು ಊಟ ಮುಗಿಸುವುದರೊಳಗೆ ಭಾರತಿಗೆ ಇನ್ನೂ ಏಳು ಮೆಸೇಜು ಬಂದವು. ಮೂರು ವರ್ಷದಲ್ಲಿ ಅವಳಿಗೆ ಹೊರಗಿನವರು ಬರೆದದ್ದು ಇದೇ ಮೊದಲು. ಎಲ್ಲರೂ ಅವಳ ಕ್ಷೇಮ ಕೇಳಿದ್ದರು. ತುಳಸಿದಾಸನಿಗೆ ಮಾತ್ರ, ಯಾವತ್ತಿನಂತೆ, ಯಾರದ್ದೂ ಬಂದಿರಲಿಲ್ಲ.