ಒಂದೇ ಗೇರಿನ ಹಾಡು

ಮೊದಲು ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಹೇಳಿಬಿಡುತ್ತೇನೆ; ಆಮೇಲೆ ಯಾರೂ ಅನುಮಾನ ಪಡಬಾರದು. ಕಳೆದ ಶ್ರಾವಣದ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದೂವರೆಗೆ, ಗುಬ್ಬಿಯ ಒಂದು ಕಲ್ಯಾಣ ಮಂಟಪದಲ್ಲಿ, ತೊಟ್ಟಿಲಿಗೆ ಎದುರಾಗಿದ್ದ ಕಂಬಕ್ಕೆ ಒರಗಿ ನಿಂತಿದ್ದೆ. ಕೈಯಲ್ಲಿ ಬಾದಾಮಿ ಹಾಲಿನ ಲೋಟವಿತ್ತು. ಕನ್ನಡಕ ಮೂಗಿನ ಮೇಲೇ ಇತ್ತು. ಆಗ ನಮ್ಮ ಭಾವ ಹಾಡಿದರು.

ಇಷ್ಟೇನಾ ಅನ್ನುತ್ತೀರಿ. ನಿಮಗೆ ನಮ್ಮ ಭಾವ ಗೊತ್ತಿಲ್ಲ!

ಭಾವ ಎಂದರೆ ನಮ್ಮಕ್ಕನ ಗಂಡ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ. ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ನಿವೃತ್ತರು ಸಾಮಾನ್ಯವಾಗಿ ವಾಕಿಂಗ್ ಹೋಗುತ್ತಾರೆ, ಇಲ್ಲವೇ ಸೊಸೆಯ ಸಾರಿನಲ್ಲಿ ಉಪ್ಪು ಹುಡುಕುತ್ತಾರೆ. ಇವರು ಬಣ್ಣದ ದೀಪ ಮಿನುಗುವ, ಮೈಕ್ ಸಮೇತದ ಕರೋಕೆ ಪೆಟ್ಟಿಗೆಯೊಂದನ್ನು ಹೊತ್ತು ತಂದರು. ತಂದವರು ಹಾಡಬೇಕಲ್ಲವೇ? ಒಂದು ದಿನವೂ ಇಲ್ಲ. ಬೀದಿಯ ಮಕ್ಕಳಿಗೆ ಯಾವ ಹಾಡು ಸಲೀಸು ಎಂದು ಆರಿಸಿಕೊಡುವುದೇ ತಮ್ಮ ಕೆಲಸ ಎಂದು ತೀರ್ಮಾನಿಸಿಬಿಟ್ಟರು.

ಸಂಗೀತ ಬಲ್ಲವರು ಶ್ರುತಿ, ತಾಳ ಅನ್ನುತ್ತಾರೆ. ಭಾವನ ಲೆಕ್ಕ ಬೇರೆ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗಾಲನ್ನು ಇಲ್ಲದ ಕ್ಲಚ್ಚಿನ ಮೇಲೂ ಬಲಗಾಲನ್ನು ಇಲ್ಲದ ಬ್ರೇಕಿನ ಮೇಲೂ ಇಟ್ಟು, ಹಾಡು ಹಾಕಿ, ಓಡಿಸಲು ಶುರುಮಾಡುತ್ತಾರೆ. ದನಿ ಮೇಲೇರಿದರೆ ಕ್ಲಚ್ ಒತ್ತಿ ಗೇರ್ ಬದಲಾಯಿಸಬೇಕು. ಎಡಗಾಲಿಗೆ ಕೆಲಸ ಕಮ್ಮಿಯಿದ್ದಷ್ಟೂ ಹಾಡು ಮಕ್ಕಳಿಗೆ ಒಳ್ಳೆಯದು. ಏರಿಳಿತವಿಲ್ಲದೆ ಗುಬ್ಬಿ ರಸ್ತೆಯ ಹಾಗೆ ನೇರ ಹೋದರೆ ಅದು ಗುಬ್ಬಿ ಹಾಡು. ತಿರುವುಗಳಿದ್ದರೆ ಕುಣಿಗಲ್ ಹಾಡು. ಪದಗಳು ಗಡಗಡನೆ ಬಂದು ಉಸಿರನ್ನು ಎತ್ತಿ ಹಾಕಿದರೆ ಸಿ.ಎಸ್. ಪುರದ ಹಾಡು. ಆ ರಸ್ತೆಯಲ್ಲಿ ಅವರು ಬಸ್ ಓಡಿಸಿದ್ದು ಯಾವ ಕಾಲದಲ್ಲೋ! ಈಗ ಅದು ಹೇಗಿದೆ ಎಂಬುದರ ಗೋಜಿಗೆ ಅವರು ಹೋಗುವುದಿಲ್ಲ.

ಎದುರು ಮನೆಯಾಕೆ ತನ್ನ ಮಗನಿಗೆ ಒಂದು ಭಾರೀ ಸಿನಿಮಾ ಹಾಡೇ ಬೇಕೆಂದು ಹಟ ಹಿಡಿದಿದ್ದರು. ಭಾವ ಅರ್ಧ ಓಡಿಸಿ ನಿಲ್ಲಿಸಿದರು. “ಇದು ಘಾಟಿ ಹಾಡು ಕಣಮ್ಮ. ನಿನ್ ಮಗ ಇನ್ನೂ ಸೈಕಲ್ಲು.” ಆಕೆ ಕೇಳಲಿಲ್ಲ. ಗಣೇಶನ ಪೆಂಡಾಲಿನಲ್ಲಿ ಹುಡುಗ ಅದನ್ನೇ ಶುರುಮಾಡಿದ. ಎತ್ತರದ ಜಾಗ ಬಂದಾಗ ಬಾಯಿ ತೆರೆದೇ ಇತ್ತು, ದನಿ ಮಾತ್ರ ಕೆಳಗಿಳಿದು ಮನೆಗೆ ಹೋಗಿತ್ತು.

ಹಾಗೆಂದು ಭಾವ ತಪ್ಪೇ ಮಾಡದವರಲ್ಲ. ಒಂದು ಸಲ ಬೀದಿಯ ಕಾರ್ಯಕ್ರಮಕ್ಕೆ ಬಂದ ಮಕ್ಕಳಿಗೆಲ್ಲ ತಮಗೆ ಮೆಚ್ಚುಗೆಯಾದ ಒಂದು ಗುಬ್ಬಿ ಹಾಡನ್ನೇ ಆರಿಸಿಕೊಟ್ಟರು. ಮಕ್ಕಳು ಒಬ್ಬರಾದ ಮೇಲೊಬ್ಬರು ಬಂದು ಒಂದೇ ಹಾಡನ್ನು ಹಾಡಿ ಕೈಮುಗಿದು ಹೋದರು. ಅಕ್ಕ ಅಂದಳು: “ಡಿಪೋಲಿದ್ದ ಬಸ್ನೆಲ್ಲಾ ಒಂದೇ ರೂಟಿಗೆ ಬಿಟ್ರಲ್ರೀ.”

ಇಷ್ಟೆಲ್ಲ ಮಾಡುವ ಮನುಷ್ಯ ತಾನು ಯಾಕೆ ಹಾಡುವುದಿಲ್ಲ? ಸೋಮವಾರದ ಮಂಗಳಾರತಿಯಲ್ಲಿ ಪಕ್ಕದಲ್ಲೇ ನಿಂತು ನೋಡಿದ್ದೇನೆ. ತುಟಿ ಆಡುತ್ತದೆ, ಪದ ಒಂದೂ ತಪ್ಪುವುದಿಲ್ಲ. ಕಿವಿ ಹತ್ತಿರ ಹಿಡಿದರೆ ಏನೂ ಇಲ್ಲ, ಬರೀ ಗಾಳಿ. ಒಮ್ಮೆ ಕೇಳಿಯೇಬಿಟ್ಟೆ. “ಚಾಲಕರೊಂದಿಗೆ ಮಾತಾಡ್ಬಾರ್ದು ಅಂತ ಬೋರ್ಡು ಓದಿಲ್ವೇನಪ್ಪಾ?” ಎಂದು ಹೊರಟೇಹೋದರು.

ಈಗ ಮೊಮ್ಮಗಳ ವಿಷಯ. ಭಾವನ ಮಗನ ಮಗಳು, ಎಂಟು ವರ್ಷ. ಹೆಸರು ಇಂಚರ. ಹೆಸರಿಟ್ಟವರು ದನಿ ಬರುವ ತನಕ ಕಾಯಬೇಕಿತ್ತು ಎಂದು ನಾನೇ ತಮಾಷೆ ಮಾಡಿದ್ದುಂಟು. ಅವಳದು ದಪ್ಪ ದನಿ, ಕೊಡದೊಳಗಿಂದ ಬಂದ ಹಾಗೆ. ಒಂದು ಸಂಜೆ ಶಾಲೆಯಿಂದ ಬಂದವಳು ಬ್ಯಾಗ್ ಇಳಿಸುತ್ತಾ, ಹೋಂವರ್ಕ್ ಏನೆಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು: “ತಾತ, ಪ್ರೇಯರಲ್ಲಿ ನಾನು ಬರೀ ಬಾಯಿ ಆಡಿಸ್ಬೇಕಂತೆ. ಮಿಸ್ಸು ಹೇಳಿದ್ರು. ಮಿಕ್ಕೋರಿಗೆ ತಪ್ಪಾಗುತ್ತಂತೆ.”

ಭಾವ ಎದ್ದು ಕರೋಕೆ ಪೆಟ್ಟಿಗೆಯನ್ನು ಆರಿಸಿದರು. ಅದರ ದೀಪಗಳು ಆರಿದ ಸಂಜೆಯನ್ನು ನಾನು ಆ ಮನೆಯಲ್ಲಿ ನೋಡಿದ್ದು ಅದೊಂದೇ. ಇಂಚರ ಆಮೇಲೆ ಬಚ್ಚಲುಮನೆಯಲ್ಲೂ ಹಾಡಲಿಲ್ಲ.

ಮಾರನೆಯ ದಿನದಿಂದ ಭಾವ ಹುಡುಕಾಟಕ್ಕೆ ಬಿದ್ದರು. ಬೀದಿಯ ಮಕ್ಕಳಿಗೆಲ್ಲ ರಜೆ. ಮಳೆಗಾಲ ಶುರುವಾದರೂ ಕುರ್ಚಿಯ ಮೇಲೆ ಬಸ್ಸು ಓಡುತ್ತಲೇ ಇತ್ತು, ಎಡಗಾಲು ಏಳುತ್ತಲೇ ಇತ್ತು. ಕಡೆಗೊಂದು ದಿನ ನನ್ನನ್ನು ಫೋನ್ ಮಾಡಿ ಕರೆಸಿದರು. ಒಂದು ಹಳೆಯ ಜೋಗುಳ. ತಗ್ಗಿನಲ್ಲೇ ಹೊರಟು ತಗ್ಗಿನಲ್ಲೇ ಮುಗಿಯುತ್ತದೆ. ಭಾವನ ಎಡಗಾಲು ನೆಲ ಬಿಟ್ಟು ಏಳಲಿಲ್ಲ. “ನೋಡ್ದಾ? ಒಂದೇ ಗೇರು. ದಪ್ಪ ದನಿಗೇ ಮಾಡ್ಸಿದಂಗೈತೆ.”

ಇಂಚರ ಮೊದಲು ಬಾಗಿಲ ಹಿಂದೆ ನಿಂತು ಹಾಡಿದಳು. ಆಮೇಲೆ ಗೋಡೆಗೆ ಮುಖ ಮಾಡಿ. ಆಮೇಲೆ ನಮ್ಮ ಕಡೆಗೆ, ಕಣ್ಣು ಮುಚ್ಚಿಕೊಂಡು. ಅಷ್ಟರಲ್ಲಿ ಗುಬ್ಬಿಯಲ್ಲಿ ಅಕ್ಕನ ಕಿರಿಮಗಳ ಕೂಸಿಗೆ ನಾಮಕರಣ ಗೊತ್ತಾಯಿತು. ತೊಟ್ಟಿಲ ಮುಂದೆ ಜೋಗುಳ! ಇದಕ್ಕಿಂತ ಒಳ್ಳೆಯ ಸ್ಟಾಪು ಸಿಗುವುದಿಲ್ಲ ಎಂದರು ಭಾವ.

ಅಲ್ಲೇ ನೋಡಿ ಎಡವಟ್ಟಾಗಿದ್ದು. ಹುಡುಗಿ ಮರೆತುಬಿಟ್ಟಾಳೆಂದು ಭಾವ ಗುಬ್ಬಿ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಜೋಗುಳ ಹಾಕಿದರು. ಹೆಗ್ಗೆರೆ ದಾಟುವಷ್ಟರಲ್ಲಿ ಕಂಡಕ್ಟರ್ ಅದನ್ನು ಗುನುಗುತ್ತಿದ್ದ. ನಾಲ್ಕೈದು ಜನ ನಿದ್ದೆ ಹೋಗಿದ್ದರು. ಡ್ರೈವರ್ ಮಾತ್ರ ಹಿಂದಕ್ಕೆ ತಿರುಗಿ, “ಯಜಮಾನ್ರೇ, ನಂಗೂ ನಿದ್ದೆ ಬತ್ತಾ ಐತೆ, ಆಫ್ ಮಾಡಿ” ಎಂದ. ಭಾವ ದನಿ ತಗ್ಗಿಸಿದರೇ ಹೊರತು ಆಫ್ ಮಾಡಲಿಲ್ಲ.

ಹೀಗಾಗಿ ಹನ್ನೊಂದೂವರೆಗೆ, ಇಂಚರ ಮೈಕ್ ಹಿಡಿದು ಮೊದಲ ಎರಡು ಸಾಲು ಹಾಡಿದ ಮೇಲೆ, ಪೆಟ್ಟಿಗೆಯ ದೀಪಗಳು ಒಮ್ಮೆ ಮಿನುಗಿ ನಂದಿಹೋದವು. ಚಾರ್ಜ್ ಮುಗಿದಿತ್ತು. ಚಾರ್ಜರ್ ಉಪ್ಪಾರಹಳ್ಳಿಯಲ್ಲಿತ್ತು. ಸಂಗೀತ ನಿಂತುಹೋಯಿತು. ಇಂಚರ ನಿಲ್ಲಿಸಲಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಅದಕ್ಕೇ ಖಚಿತವಾಗಿ ಹೇಳುತ್ತೇನೆ: ತುಟಿ ಆಡುತ್ತಿತ್ತು, ಪದ ಒಂದೂ ತಪ್ಪಿರಲಿಲ್ಲ. ದನಿ ಇರಲಿಲ್ಲ.

ಮುಂದಿನ ಸಾಲಿನ ಕುರ್ಚಿಯಿಂದ ಭಾವ ಎದ್ದು ನಿಂತರು. ಪೆಟ್ಟಿಗೆಗೆ ಒಂದೇಟು ಹಾಕುತ್ತಾರೆ ಅಂದುಕೊಂಡೆ. ಅವರು ಮೂರನೇ ಸಾಲನ್ನು ಹಾಡಿದರು.

ಚಳಿಗಾಲದ ಬೆಳಿಗ್ಗೆ ಡಿಪೋದಲ್ಲಿ ಹಳೇ ಬಸ್ಸು ಸ್ಟಾರ್ಟ್ ಆದ ಹಾಗಿತ್ತು ಅದು. ಮೊದಲು ಕೆಮ್ಮು, ಆಮೇಲೆ ನಡುಕ, ಆಮೇಲೆ ಒಂದೇ ಸಮನೆ. ದಪ್ಪ ದನಿ, ಕೊಡದೊಳಗಿಂದ ಬಂದ ಹಾಗೆ. ಇಂಚರ ತಾತನನ್ನು ನೋಡಿದಳು. ನಾಲ್ಕನೇ ಸಾಲಿಗೆ ಅವಳ ದನಿ ಬಂದು ಸೇರಿತು. ಎರಡೂ ಎಷ್ಟು ಒಂದೇ ಎಂದರೆ, ಯಾವುದು ಯಾರದೆಂದು ತಿಳಿಯಲು ನಾನು ಕಣ್ಣು ಬಿಟ್ಟುಕೊಂಡೇ ಇರಬೇಕಾಯಿತು. ಭಾವ ಐದನೇ ಸಾಲಿಗೆ ಕೂತುಬಿಟ್ಟರು. ಉಳಿದದ್ದನ್ನು ಅವಳೊಬ್ಬಳೇ ಕೊನೆಯ ತನಕ ಹಾಡಿದಳು, ಕಣ್ಣು ತೆರೆದುಕೊಂಡು.

ಊಟದ ಸಾಲಿನಲ್ಲಿ ಭಾವನ ಪಕ್ಕ ಕೂತೆ. ಇಷ್ಟು ವರ್ಷ ಯಾಕೆ ಹಾಡಲಿಲ್ಲ ಎಂದು ಮೆಲ್ಲಗೆ ಕೇಳಿದೆ. ಅವರು ಅನ್ನಕ್ಕೆ ಗುಳಿ ಮಾಡಿ, ಸಾರು ಹಾಕಿಸಿಕೊಂಡು, ಕಲಸಿ, ಆಮೇಲೆ ಹೇಳಿದರು.

“ನಮ್ ಮೇಷ್ಟ್ರೂ ಹಂಗೇ ಅಂದಿದ್ರು ಕಣಪ್ಪ. ಬರೀ ಬಾಯಿ ಆಡ್ಸು ಅಂತ.”

ಇದಕ್ಕೆ ಸಾಕ್ಷಿಗಳು ಇದ್ದಾರೆ. ನಮ್ಮಕ್ಕ ಇದ್ದಾಳೆ, ಮದುವೆಯಾಗಿ ನಲವತ್ತು ವರ್ಷದ ಮೇಲೆ ಗಂಡನ ಹಾಡು ಕೇಳಿದವಳು, ಸಕ್ಕರೆ ಹಂಚುವ ತಟ್ಟೆಯನ್ನು ಹಿಡಿದು ನಿಂತಲ್ಲೇ ನಿಂತಿದ್ದಳು. ಬೀಗರ ಮನೆಯ ಅಜ್ಜಿ ಇದ್ದಾರೆ. ಕಿವಿ ಮಂದ, ಆದರೂ ಕೇಳಿಸಿತು ಅನ್ನುತ್ತಾರೆ. ಇಂಚರ ಇದ್ದಾಳೆ, ಈಗ ಪ್ರೇಯರಿನಲ್ಲಿ ಅವಳ ದನಿ ಶಾಲೆಯ ಗೇಟಿನ ತನಕ ಬರುತ್ತದೆ, ನಾನೇ ಗೇಟಿನಲ್ಲಿ ನಿಂತು ಕೇಳಿದ್ದೇನೆ. ಮತ್ತೆ ತೊಟ್ಟಿಲಲ್ಲಿದ್ದ ಕೂಸು. ಅದಕ್ಕಿನ್ನೂ ಮಾತು ಬಂದಿಲ್ಲ. ಆದರೆ ಆ ಹೊತ್ತು ಅದು ಎಚ್ಚರವಾಗಿತ್ತು, ಅಳಲಿಲ್ಲ.